ಪರ್ವತಗಳ ಕೆಳಗೆ ಭೂಕವಚ ಎಷ್ಟು ದಪ್ಪ?

2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಎವರೆಸ್ಟಿನ ಎತ್ತರ 8,848.86 ಮೀಟರ್ ಎಂದು ಪ್ರಕಟಿಸಿದವು. ಸೆಂಟಿಮೀಟರಿನವರೆಗೂ ಲೆಕ್ಕ ಸಿಕ್ಕಿದೆ. ಅದೇ ಹಿಮಾಲಯದ ಕೆಳಗೆ ಭೂಕವಚ ಎಷ್ಟು ದಪ್ಪವಿದೆ ಎಂದು ಕೇಳಿದರೆ ಉತ್ತರ ಕಿಲೋಮೀಟರುಗಳಲ್ಲಿ ಬರುತ್ತದೆ, ಅದೂ ನಾಲ್ಕಾರು ಕಿಲೋಮೀಟರ್ ಆಚೀಚೆ ಎಂಬ ಷರತ್ತಿನೊಂದಿಗೆ. ಮನುಷ್ಯ ಕೊರೆದ ಅತಿ ಆಳದ ಬಾವಿ ರಷ್ಯದ ಕೋಲಾದ್ದು. ಅದು ಇಳಿದದ್ದು 12,262 ಮೀಟರ್ ಮಾತ್ರ. ಅದರ ಕೆಳಗಿನದನ್ನೆಲ್ಲ ಭೂಕಂಪದ ಅಲೆಗಳು ತಂದ ಸುದ್ದಿಯಿಂದಲೇ ತಿಳಿಯಬೇಕು. ಆ ಸುದ್ದಿಯನ್ನು ವಿಜ್ಞಾನಿಗಳು ನೂರು ವರ್ಷಗಳಿಗೂ ಮಿಕ್ಕಿ ಓದುತ್ತಾ ಬಂದಿದ್ದಾರೆ. ಎತ್ತರದ ಬೆಟ್ಟದ ಕೆಳಗೆ ದಪ್ಪ ಕವಚ ಇದ್ದೇ ಇರುತ್ತದೆ ಎಂಬ ಮೊದಲ ನಂಬಿಕೆ ಈ ಓದಿನಲ್ಲಿ ಅರ್ಧ ಉಳಿದಿದೆ, ಅರ್ಧ ಕಳಚಿದೆ. ಕಳಚಿದ ಅರ್ಧದಿಂದಲೇ ನಾವು ಹೆಚ್ಚು ಕಲಿತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆ ಹುಟ್ಟಿದ್ದು ಭಾರತದಲ್ಲಿ, ಅದೂ ಭೂಕಂಪಗಳಿಗೆ ಸಂಬಂಧವೇ ಇಲ್ಲದ ಕೆಲಸದಲ್ಲಿ. ಜಾರ್ಜ್ ಎವರೆಸ್ಟ್ ನಡೆಸಿದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಉತ್ತರದ ಕಲಿಯಾನಾ ಮತ್ತು ಮಧ್ಯ ಭಾರತದ ಕಲಿಯಾನಪುರಗಳ ನಡುವಿನ ಅಂತರವನ್ನು ಎರಡು ಬಗೆಯಲ್ಲಿ ಅಳೆದರು. ನೆಲದ ಮೇಲೆ ತ್ರಿಕೋನಗಳನ್ನು ಕಟ್ಟಿ ಒಮ್ಮೆ, ನಕ್ಷತ್ರ ನೋಡಿ ಅಕ್ಷಾಂಶ ಲೆಕ್ಕಹಾಕಿ ಇನ್ನೊಮ್ಮೆ. ಎರಡಕ್ಕೂ 5.236 ಸೆಕೆಂಡು ಕೋನದ ವ್ಯತ್ಯಾಸ ಬಂತು. ನೆಲದ ಮೇಲೆ ಅದು ಸುಮಾರು 160 ಮೀಟರ್. ನಕ್ಷತ್ರ ನೋಡುವ ಉಪಕರಣವನ್ನು ನೆಟ್ಟಗೆ ನಿಲ್ಲಿಸಲು ತೂಗುಗುಂಡೇ ಆಧಾರ. ಹಿಮಾಲಯದ ರಾಶಿ ಆ ಗುಂಡನ್ನು ತನ್ನತ್ತ ಎಳೆದಿರಬೇಕು ಎಂದು ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಹೆನ್ರಿ ಪ್ರ್ಯಾಟ್ ಲೆಕ್ಕ ಹಾಕಲು ಕುಳಿತರು. ಅವರು ಪಾದ್ರಿಯೂ ಹೌದು, ಒಳ್ಳೆಯ ಗಣಿತಜ್ಞರೂ ಹೌದು. 1855ರಲ್ಲಿ ಅವರಿಗೆ ಸಿಕ್ಕ ಉತ್ತರ 15.885 ಸೆಕೆಂಡು. ಅಂದರೆ ಹಿಮಾಲಯ ಎಳೆಯಬೇಕಾದಷ್ಟರಲ್ಲಿ ಮೂರರಲ್ಲೊಂದು ಪಾಲು ಮಾತ್ರ ಎಳೆಯುತ್ತಿತ್ತು.

ಉಳಿದ ಎರಡು ಪಾಲು ಎಲ್ಲಿ ಹೋಯಿತು? ಅದೇ ವರ್ಷ ಬ್ರಿಟನ್ನಿನ ರಾಜ ಖಗೋಳಜ್ಞ ಜಾರ್ಜ್ ಏರಿ ಒಂದು ಪುಟ್ಟ ಲೇಖನದಲ್ಲಿ ಉತ್ತರ ಕೊಟ್ಟರು. ನೀರಿನಲ್ಲಿ ತೇಲುವ ಮರದ ದಿಮ್ಮಿಗಳಲ್ಲಿ ಯಾವುದು ಹೆಚ್ಚು ಮೇಲೆದ್ದಿದೆಯೋ ಅದೇ ಹೆಚ್ಚು ಆಳಕ್ಕೂ ಇಳಿದಿರುತ್ತದೆ. ಪರ್ವತವೂ ಹಾಗೆಯೇ, ಅದರ ಹಗುರ ಶಿಲೆ ಕೆಳಗಿನ ಭಾರದ ಶಿಲೆಯೊಳಕ್ಕೆ ಬೇರಾಗಿ ಇಳಿದಿದೆ, ಆ ಬೇರು ತೂಗುಗುಂಡಿನ ಮೇಲಿನ ಸೆಳೆತವನ್ನು ತಗ್ಗಿಸುತ್ತದೆ ಎಂದರು. ಪ್ರ್ಯಾಟ್ ಇದನ್ನು ಒಪ್ಪಲಿಲ್ಲ. ಬೇರು ಬೇಕಿಲ್ಲ, ಎತ್ತರದ ಪ್ರದೇಶದ ಕೆಳಗಿನ ಶಿಲೆಯ ಸಾಂದ್ರತೆಯೇ ಕಡಿಮೆ ಇದ್ದರೆ ಸಾಕು, ತಳ ಎಲ್ಲೆಡೆ ಒಂದೇ ಮಟ್ಟದಲ್ಲಿರಬಹುದು ಎಂಬುದು ಅವರ ವಾದ. ಗುರುತ್ವವನ್ನು ಎಷ್ಟೇ ನಿಖರವಾಗಿ ಅಳೆದರೂ ಈ ಜಗಳ ಇತ್ಯರ್ಥವಾಗುವಂತಿರಲಿಲ್ಲ. ಆಳದ ಬೇರಾಗಲಿ ಹಗುರ ಶಿಲೆಯಾಗಲಿ, ಮೇಲಿನ ತಕ್ಕಡಿಗೆ ಒಂದೇ ರೀತಿ ಕಾಣುತ್ತವೆ. ಕವಚದ ತಳವನ್ನೇ ಮುಟ್ಟಿ ಬರುವ ಸಾಕ್ಷಿ ಬೇಕಿತ್ತು.

ಆ ಸಾಕ್ಷಿಯನ್ನು ಗುರುತಿಸುವ ವಿದ್ಯೆಗೂ ಭಾರತದ ನಂಟಿದೆ. 1897ರ ಅಸ್ಸಾಂ ಮಹಾಭೂಕಂಪವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್.ಡಿ. ಓಲ್ಡ್‌ಹ್ಯಾಮ್, ದೂರದ ಯಂತ್ರಗಳು ಬರೆದ ಗೀಟುಗಳಲ್ಲಿ ಮೂರು ಬಗೆಯ ಅಲೆಗಳು ಒಂದರ ಹಿಂದೊಂದು ಬರುವುದನ್ನು ತೋರಿಸಿಕೊಟ್ಟರು. ಶಿಲೆಯನ್ನು ಒತ್ತಿ ಹಿಗ್ಗಿಸುತ್ತಾ ಮೊದಲು ಬರುವುದು ಪಿ ಅಲೆ, ಅಡ್ಡಡ್ಡ ಅಲುಗಾಡಿಸುತ್ತಾ ನಂತರ ಬರುವುದು ಎಸ್ ಅಲೆ, ಕೊನೆಗೆ ನೆಲದ ಮೇಲ್ಮೈ ಹಿಡಿದು ಬರುವ ನಿಧಾನದ ಅಲೆಗಳು. ಮುಂದಿನ ಹೆಜ್ಜೆ ಕ್ರೊಯೇಷಿಯದಲ್ಲಿ ಬಿತ್ತು. 1909ರ ಅಕ್ಟೋಬರ್ 8ರಂದು ಕೂಪಾ ನದಿಯ ಕಣಿವೆ ನಡುಗಿತು. ಝಾಗ್ರೆಬ್ ವೀಕ್ಷಣಾಲಯದ ಆಂದ್ರಿಯಾ ಮೊಹೊರೊವಿಚಿಚ್ ಸುತ್ತಲ ಕೇಂದ್ರಗಳಿಂದ ದಾಖಲೆ ತರಿಸಿಕೊಂಡು ನೋಡಿದರೆ, ಒಂದಷ್ಟು ದೂರದ ಆಚೆ ಪಿ ಅಲೆ ಎರಡೆರಡು ಸಲ ಬಂದಿತ್ತು. ಒಂದು ಮೇಲಿನ ಪದರದಲ್ಲೇ ನೇರ ಬಂದದ್ದು. ಇನ್ನೊಂದು ಕೆಳಕ್ಕಿಳಿದು, ವೇಗ ಹೆಚ್ಚಿರುವ ಪದರದಲ್ಲಿ ಓಡಿ, ಮತ್ತೆ ಮೇಲೆ ಬಂದದ್ದು. ದಾರಿ ಉದ್ದವಾದರೂ ವೇಗ ಹೆಚ್ಚಿದ್ದರಿಂದ ದೂರದ ಕೇಂದ್ರಗಳಿಗೆ ಇದೇ ಮೊದಲು ತಲುಪಿತ್ತು. ಎರಡು ಪದರಗಳ ನಡುವಿನ ಗಡಿ 54 ಕಿಲೋಮೀಟರ್ ಆಳದಲ್ಲಿದೆ ಎಂದು ಅವರು ಲೆಕ್ಕ ಕಟ್ಟಿದರು. ಇಂದು ಆ ಗಡಿಯನ್ನು ಮೊಹೊ ಎನ್ನುತ್ತೇವೆ. ಅದರ ಮೇಲಿನದು ಭೂಕವಚ, ಕೆಳಗಿನದು ಮ್ಯಾಂಟಲ್. ಕವಚದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ 6ರಿಂದ 7 ಕಿಲೋಮೀಟರ್, ಗಡಿ ದಾಟಿದ ಕೂಡಲೇ 8ರ ಆಸುಪಾಸು.

ಈ ವಿಧಾನ ಪರ್ವತಗಳಲ್ಲಿ ಯಾಕೆ ಕಷ್ಟ ಎಂಬುದನ್ನು ಒಂದು ಲೆಕ್ಕ ಹೇಳುತ್ತದೆ. ಕವಚದಲ್ಲಿ ಸರಾಸರಿ ವೇಗ 6.3, ಅದರ ಕೆಳಗೆ 8.1 ಎಂದಿಟ್ಟುಕೊಂಡರೆ, ಕೆಳದಾರಿಯ ಅಲೆ ನೇರದಾರಿಯ ಅಲೆಯನ್ನು ಹಿಂದೆ ಹಾಕುವುದು ಕವಚದ ದಪ್ಪದ ಸುಮಾರು ಐದೂಮುಕ್ಕಾಲು ಪಟ್ಟು ದೂರದಲ್ಲಿ. 35 ಕಿಲೋಮೀಟರ್ ದಪ್ಪದ ಬಯಲಿನಲ್ಲಿ ಅದು 200 ಕಿಲೋಮೀಟರ್. 70 ಕಿಲೋಮೀಟರ್ ದಪ್ಪದ ಟಿಬೆಟ್‌ನಲ್ಲಿ 400. ಅಷ್ಟು ಉದ್ದಕ್ಕೂ ಸಿಡಿಮದ್ದು ಸಿಡಿಸುತ್ತಾ, ಯಂತ್ರಗಳನ್ನು ಸಾಲಾಗಿ ಹೂಳುತ್ತಾ ಹೋಗಬೇಕು. ಎರಡು ಕಣಿವೆಗಳ ನಡುವೆ ರಸ್ತೆಯೇ ಇಲ್ಲದ ಕಡೆ ಇದು ಆಗದ ಕೆಲಸ.

ಆದ್ದರಿಂದ ಹಿಮಾಲಯ ಮತ್ತು ಟಿಬೆಟ್ ಬಗ್ಗೆ ಮೊದಲ ನಂಬಲರ್ಹ ಉತ್ತರ ಬಂದದ್ದು ಮೇಲ್ಮೈ ಅಲೆಗಳಿಂದ. ಈ ಅಲೆಗಳಲ್ಲಿ ದೀರ್ಘ ಆವರ್ತಕಾಲದವು ಆಳದವರೆಗಿನ ಶಿಲೆಯನ್ನು ಅಲುಗಾಡಿಸುತ್ತವೆ, ಹ್ರಸ್ವ ಆವರ್ತಕಾಲದವು ಮೇಲಿನ ಪದರವನ್ನಷ್ಟೇ. ಯಾವುದು ಎಷ್ಟು ತಡವಾಗಿ ಬಂತೆಂದು ನೋಡಿದರೆ ದಾರಿಯ ಕೆಳಗಿನ ಕವಚದ ಸರಾಸರಿ ದಪ್ಪ ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ (ಎನ್‌ಜಿಆರ್‌ಐ) ಹರ್ಷ ಗುಪ್ತಾ ಮತ್ತು ಹರಿ ನಾರಾಯಣ್ 1967ರಲ್ಲೇ ಹೀಗೆ ಲೆಕ್ಕ ಮಾಡಿ, ಟಿಬೆಟ್ ಕೆಳಗಿನ ಕವಚ ಸಾಮಾನ್ಯಕ್ಕಿಂತ ಸುಮಾರು ಎರಡು ಪಟ್ಟು ದಪ್ಪ ಎಂದು ಪ್ರಕಟಿಸಿದರು. ಟಿಬೆಟ್‌ನಲ್ಲಿ ಒಂದೇ ಒಂದು ಯಂತ್ರವನ್ನೂ ಇಡದೆ ಮಾಡಿದ ಕೆಲಸವಿದು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ನಾಲ್ಕು ಸಾಲಾದರೂ ಸಿಗಬೇಕಿತ್ತು.

ಮೇಲ್ಮೈ ಅಲೆ ಕೊಡುವುದು ಸಾವಿರಾರು ಕಿಲೋಮೀಟರ್ ದಾರಿಯ ಸರಾಸರಿ. ಒಂದು ನಿರ್ದಿಷ್ಟ ಜಾಗದ ಕೆಳಗೆ ಎಷ್ಟು ದಪ್ಪ ಎಂದು ತಿಳಿಯಲು ಈಗ ಹೆಚ್ಚು ಬಳಕೆಯಲ್ಲಿರುವುದು ರಿಸೀವರ್ ಫಂಕ್ಷನ್ ಎಂಬ ವಿಧಾನ. 1970ರ ದಶಕದ ಕೊನೆಯಲ್ಲಿ ಲೆವ್ ವಿನ್ನಿಕ್ ಮತ್ತು ಚಾರ್ಲ್ಸ್ ಲ್ಯಾಂಗ್‌ಸ್ಟನ್ ಇದಕ್ಕೆ ಅಡಿಪಾಯ ಹಾಕಿದರು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಂದು ನಾವು ಓದುವ ದಪ್ಪದ ಅಂಕಿಗಳಲ್ಲಿ ಹೆಚ್ಚಿನವು ಇದರಿಂದಲೇ ಬರುತ್ತವೆ.

ಲಡಾಖಿನಲ್ಲಿ ಒಂದು ಕೇಂದ್ರವಿದೆ ಎಂದುಕೊಳ್ಳಿ. ಯಂತ್ರ ನೆಲದ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಬರೆದುಕೊಳ್ಳುತ್ತದೆ: ಮೇಲೆ ಕೆಳಗೆ, ಉತ್ತರ ದಕ್ಷಿಣ, ಪೂರ್ವ ಪಶ್ಚಿಮ. ಜಪಾನಿನಲ್ಲೋ ಇಂಡೊನೇಷ್ಯದಲ್ಲೋ ದೊಡ್ಡ ಭೂಕಂಪವಾಗುತ್ತದೆ. ಅಷ್ಟು ದೂರದಿಂದ ಬರುವ ಪಿ ಅಲೆ ಭೂಮಿಯ ಆಳಕ್ಕೆ ಹೋಗಿ, ಲಡಾಖಿನ ಕೆಳಗಿನಿಂದ ಬಹುಪಾಲು ನೇರವಾಗಿ ಮೇಲೇರುತ್ತದೆ. ಮೊಹೊ ದಾಟುವಾಗ ಅದರ ಶಕ್ತಿಯ ಒಂದು ಸಣ್ಣ ಪಾಲು ಎಸ್ ಅಲೆಯಾಗಿ ಮಾರ್ಪಡುತ್ತದೆ. ಎಸ್ ನಿಧಾನ, ಆದ್ದರಿಂದ ಹಿಂದೆ ಬೀಳುತ್ತದೆ. ಪಿ ನೆಲವನ್ನು ಮೇಲೆ ಕೆಳಗೆ ಆಡಿಸಿದರೆ ಎಸ್ ಅಡ್ಡಕ್ಕೆ ಆಡಿಸುತ್ತದೆ. ಅಡ್ಡ ಅಲುಗಾಟದ ದಾಖಲೆಯಿಂದ ಲಂಬ ಅಲುಗಾಟದ್ದನ್ನು ಗಣಿತದ ಮೂಲಕ ಕಳೆದುಹಾಕಿದರೆ ಭೂಕಂಪದ ಸ್ವಂತ ಗದ್ದಲ ಹೋಗಿ, ಕೇಂದ್ರದ ಕೆಳಗಿನ ಗಡಿಗಳ ಗುರುತಷ್ಟೇ ಉಳಿಯುತ್ತದೆ. ಕವಚ 40 ಕಿಲೋಮೀಟರ್ ದಪ್ಪವಿದ್ದಲ್ಲಿ ಮೊಹೊದ ಎಸ್ ಅಲೆ ಪಿ ಬಂದ ಸುಮಾರು 5 ಸೆಕೆಂಡಿಗೆ ಕಾಣಿಸಿಕೊಳ್ಳುತ್ತದೆ. 75 ಕಿಲೋಮೀಟರ್ ಇದ್ದಲ್ಲಿ ಸುಮಾರು 9 ಸೆಕೆಂಡಿಗೆ.

ಯಂತ್ರ ಅಳೆಯುವುದು ಸೆಕೆಂಡುಗಳನ್ನು. ಕಿಲೋಮೀಟರನ್ನು ನಾವು ಕಟ್ಟಿಕೊಳ್ಳುತ್ತೇವೆ. ಸೆಕೆಂಡನ್ನು ಕಿಲೋಮೀಟರಾಗಿಸಲು ಪಿ ಮತ್ತು ಎಸ್ ವೇಗಗಳ ಅನುಪಾತ ಬೇಕು. ಅದು 1.73 ಎಂದುಕೊಂಡರೆ 9.1 ಸೆಕೆಂಡು ಅಂದರೆ 75 ಕಿಲೋಮೀಟರ್. 1.80 ಎಂದುಕೊಂಡರೆ ಅದೇ 9.1 ಸೆಕೆಂಡು 69 ಕಿಲೋಮೀಟರಿಗೆ ಇಳಿಯುತ್ತದೆ. ಸಿಲಿಕಾ ಹೆಚ್ಚಿರುವ ಗ್ರಾನೈಟಿನಂಥ ಶಿಲೆಯಲ್ಲಿ ಈ ಅನುಪಾತ ಕಡಿಮೆ, ಕಪ್ಪು ಶಿಲೆಗಳಲ್ಲಿ ಹೆಚ್ಚು, ಅರೆಕರಗಿದ ಶಿಲೆಯಲ್ಲಿ ಇನ್ನೂ ಹೆಚ್ಚು. ನೆಲಕ್ಕೂ ಮೊಹೊಗೂ ನಡುವೆ ಪುಟಿದು ತಡವಾಗಿ ಬರುವ ಅಲೆಗಳನ್ನೂ ಸೇರಿಸಿಕೊಂಡು ದಪ್ಪ ಮತ್ತು ಅನುಪಾತ ಎರಡನ್ನೂ ಒಟ್ಟಿಗೆ ಹುಡುಕುವ ಉಪಾಯವನ್ನು 2000ದಲ್ಲಿ ಲುಪೇ ಝು ಮತ್ತು ಹಿರೂ ಕನಮೊರಿ ಕ್ಯಾಲಿಫೋರ್ನಿಯದ ದಾಖಲೆಗಳ ಮೇಲೆ ಮಾಡಿ ತೋರಿಸಿದರು. ಸಪಾಟಾದ ಮೊಹೊ ಇರುವ ಕಡೆ ಅದು ಚೆನ್ನಾಗಿ ನಡೆಯುತ್ತದೆ. ಪರ್ವತಗಳ ಕೆಳಗೆ ಗಡಿ ಓರೆಯಾಗಿರುತ್ತದೆ, ಪುಟಿದ ಅಲೆಗಳು ಚದುರಿಹೋಗುತ್ತವೆ. ಎರಡು ಒಳ್ಳೆಯ ತಂಡಗಳು ಒಂದೇ ಜಾಗಕ್ಕೆ ಬೇರೆ ಬೇರೆ ದಪ್ಪ ಹೇಳಿದಾಗ ಓದುಗ ಮೊದಲು ನೋಡಬೇಕಾದದ್ದು ಅವರು ಯಾವ ಅನುಪಾತ ಇಟ್ಟುಕೊಂಡಿದ್ದಾರೆ ಎಂಬುದನ್ನು. ದಪ್ಪದ ಅಂಕಿಯನ್ನು ದೊಡ್ಡಕ್ಷರದಲ್ಲಿ ಕೊಟ್ಟು ಅನುಪಾತವನ್ನು ಅಡಿಟಿಪ್ಪಣಿಗೆ ತಳ್ಳುವ ರೂಢಿ ನನಗೆ ಸರಿ ಕಾಣುವುದಿಲ್ಲ.

ಇಷ್ಟು ಎಚ್ಚರ ಇಟ್ಟುಕೊಂಡೇ ಹಿಮಾಲಯದ ಚಿತ್ರವನ್ನು ನೋಡೋಣ. ಸ್ವಿಸ್ ಭೂವಿಜ್ಞಾನಿ ಎಮಿಲ್ ಆರ್ಗಾಂ 1924ರಲ್ಲೇ ಭಾರತದ ಕವಚ ಏಷ್ಯಾದ ಅಡಿಗೆ ತೂರಿದೆ, ಹಾಗಾಗಿ ಅಲ್ಲಿ ಕವಚ ಇಮ್ಮಡಿಯಾಗಿದೆ ಎಂದು ಚಿತ್ರ ಬರೆದಿದ್ದರು. ಅದಕ್ಕೆ ನೇರ ಸಾಕ್ಷಿ ಸಿಗಲು ಎಪ್ಪತ್ತು ವರ್ಷ ಬೇಕಾಯಿತು. ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 1992ರಲ್ಲಿ ದಕ್ಷಿಣ ಟಿಬೆಟ್‌ನಲ್ಲಿ ಇನ್‌ಡೆಪ್ತ್ ಯೋಜನೆ ಆರಂಭಿಸಿ, ಸಿಡಿಮದ್ದಿನ ಅಲೆಗಳು ಆಳದಿಂದ ಪ್ರತಿಫಲಿಸಿ ಮರಳುವುದನ್ನು ದಾಖಲಿಸಿದರು. ಉತ್ತರಕ್ಕೆ ಇಳಿಜಾರಾಗಿ ಸಾಗುವ ಒಂದು ಗಡಿ ಕಂಡಿತು. ಅದು ಹಿಮಾಲಯದ ಮುಖ್ಯ ನೂಕುಸ್ತರ, ಅಂದರೆ ಭಾರತದ ಕವಚ ಯಾವುದರ ಅಡಿ ಜಾರಿ ಒಳಹೋಗುತ್ತಿದೆಯೋ ಆ ಸ್ತರ. ಅದಕ್ಕೂ ಕೆಳಗೆ, ಸುಮಾರು 75 ಕಿಲೋಮೀಟರಿನಲ್ಲಿ, ಮೊಹೊ. ಮುಂದೆ 2002ರಿಂದ 2005ರವರೆಗೆ ನೇಪಾಳದ ಬಯಲಿನಿಂದ ಟಿಬೆಟ್‌ನ ಒಳಗಿನವರೆಗೆ ಯಂತ್ರಗಳನ್ನು ಒತ್ತೊತ್ತಾಗಿ ಇಟ್ಟ ಹೈ-ಕ್ಲೈಂಬ್ ಪ್ರಯೋಗ ಈ ಎರಡು ಗಡಿಗಳನ್ನೂ ನೂರಾರು ಕಿಲೋಮೀಟರ್ ಉದ್ದಕ್ಕೆ ಹಿಂಬಾಲಿಸಿತು. ನಮ್ಮ ಕಡೆಯಿಂದ ಎಸ್.ಎಸ್. ರೈ ಮತ್ತು ಸಂಗಡಿಗರು 2006ರಲ್ಲಿ ದೆಹಲಿಯಿಂದ ಕಾರಕೋರಂವರೆಗಿನ ಚಿತ್ರ ಕೊಟ್ಟರು: ದೆಹಲಿಯ ಕೆಳಗೆ ಸುಮಾರು 40 ಕಿಲೋಮೀಟರ್ ಇರುವ ಮೊಹೊ, ಕಾರಕೋರಂ ಬಳಿ ಸುಮಾರು 75ಕ್ಕೆ ಇಳಿದಿದೆ.

ಏರಿಯವರ ಲೆಕ್ಕದಂತೆ ಮೇಲೆ ಒಂದು ಕಿಲೋಮೀಟರ್ ಎತ್ತರಕ್ಕೆ ಕೆಳಗೆ ಐದೂವರೆ ಕಿಲೋಮೀಟರಿನಷ್ಟು ಬೇರು ಬೇಕು. 5 ಕಿಲೋಮೀಟರ್ ಎತ್ತರದ ಟಿಬೆಟ್‌ಗೆ ಸಾಮಾನ್ಯ ಕವಚದ ಮೇಲೆ ಆ ಎತ್ತರವೂ ಬೇರಿನ 28 ಕಿಲೋಮೀಟರೂ ಸೇರಿ 65ರಿಂದ 70 ಆಗಬೇಕು. ಅಳತೆ ಅದಕ್ಕೆ ಬಹಳ ಹತ್ತಿರ ಬಂದಿದೆ. ಹಾಗೆಂದು ಏರಿ ಪೂರ್ತಿ ಗೆದ್ದರು ಎನ್ನುವಂತಿಲ್ಲ. ಜಗತ್ತಿನ ಅತಿ ಎತ್ತರದ ಶಿಖರಗಳ ನೇರ ಕೆಳಗೆ ಅತಿ ಆಳದ ಬೇರು ಇಲ್ಲ! ಮೊಹೊ ಅಲ್ಲಿ ಇನ್ನೂ ಇಳಿಯುತ್ತಿರುತ್ತದೆ. ಅದು ಅತಿ ಆಳ ಮುಟ್ಟುವುದು ಶಿಖರಗಳ ಉತ್ತರಕ್ಕೆ, ಟಿಬೆಟ್ ಪ್ರಸ್ಥಭೂಮಿಯ ಅಡಿಯಲ್ಲಿ. ಭಾರತದ ಫಲಕ ಗಟ್ಟಿಯಾಗಿದೆ. ಅದು ಪ್ರತಿ ಶಿಖರದ ಭಾರಕ್ಕೂ ಅಲ್ಲಲ್ಲೇ ತಗ್ಗದೆ ಒಟ್ಟಾಗಿ ಬಾಗುತ್ತದೆ. ಗಂಗಾ ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಮೆಕ್ಕಲು ತುಂಬಿಕೊಂಡಿರುವ ಕುಳಿಯೂ ಇದೇ ಬಾಗುವಿಕೆಯ ಫಲ. ಫಲಕದ ಬಲ ಎಂಬ ಈ ಮೂರನೆಯ ಅಂಶವನ್ನು ಪ್ರ್ಯಾಟ್ ಆಗಲಿ ಏರಿ ಆಗಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಗಡಿಗಳ ಆಕಾರ ಬರೀ ಕುತೂಹಲದ ವಿಷಯವಲ್ಲ. 2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಜಾರಿದ್ದು ಈ ಮುಖ್ಯ ನೂಕುಸ್ತರವೇ. ಅದು ಎಲ್ಲಿ ಸಪಾಟಾಗಿದೆ, ಎಲ್ಲಿ ಕಡಿದಾಗಿದೆ ಎಂಬುದರ ಮೇಲೆ ಬಿರುಕು ಎಲ್ಲಿ ನಿಲ್ಲಬಹುದು ಎಂಬ ಅಂದಾಜು ನಿಂತಿದೆ. ಮೊಹೊ ಹುಡುಕುವ ಯಂತ್ರಗಳೇ ಆ ಸ್ತರದ ಚಿತ್ರವನ್ನೂ ಕೊಡುತ್ತವೆ.

ಇನ್ನು ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ. ಅಲ್ಲಿನ ಮೌಂಟ್ ವಿಟ್ನಿ 4,421 ಮೀಟರ್ ಎತ್ತರ. ಇಷ್ಟು ಎತ್ತರಕ್ಕೆ ಆಳದ ಬೇರು ಇರಲೇಬೇಕು ಎಂದು ಎಲ್ಲರೂ ನಂಬಿದ್ದರು. 1960ರ ದಶಕದ ಅಳತೆಗಳನ್ನೂ 50 ಕಿಲೋಮೀಟರಿಗೂ ಹೆಚ್ಚು ದಪ್ಪ ಎಂದೇ ಓದಲಾಗಿತ್ತು. 1993ರಲ್ಲಿ ದಕ್ಷಿಣ ಸಿಯೆರಾದಲ್ಲಿ ದೊಡ್ಡ ಪ್ರಯೋಗ ನಡೆಯಿತು. ಬ್ರಯನ್ ವರ್ನಿಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಎತ್ತರದ ಸಾಲಿನ ಕೆಳಗೆ ಕವಚ ಇರುವುದು 35 ಕಿಲೋಮೀಟರಿನ ಆಸುಪಾಸಿನಲ್ಲಿ. ಬಯಲಿನಷ್ಟೇ! ಪರ್ವತವನ್ನು ಎತ್ತಿ ಹಿಡಿದಿರುವುದು ಕೆಳಗಿನ ಬಿಸಿಯಾದ, ಹಗುರಾದ ಮ್ಯಾಂಟಲ್. ಅಂದರೆ ಇಲ್ಲಿ ಗೆಲುವು ಏರಿಯವರಿಗಿಂತ ಪ್ರ್ಯಾಟ್ ಅವರಿಗೆ ಹತ್ತಿರ. ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಅಲ್ಲಿನ ಹಳೆಯ ಜ್ವಾಲಾಮುಖಿಗಳು ಆಳದಿಂದ ಹೊತ್ತು ತಂದ ಚೂರುಗಳಲ್ಲಿ ಗಾರ್ನೆಟ್ ತುಂಬಿದ ಭಾರದ ಶಿಲೆ ಸಿಗುತ್ತದೆ. ಸುಮಾರು 35 ಲಕ್ಷ ವರ್ಷಗಳ ಹಿಂದಿನ ಸ್ಫೋಟಗಳು ತಂದ ಚೂರುಗಳಲ್ಲಿ ಅದು ಇಲ್ಲ. ನಡುವಿನ ಅವಧಿಯಲ್ಲಿ ಭಾರದ ಬೇರು ಕಳಚಿ ಮ್ಯಾಂಟಲ್‌ಗೆ ಮುಳುಗಿರಬೇಕು ಎಂಬುದು ಮಿಹಾಯ್ ಡುಚೆಯ, ಜೇಸನ್ ಸಲೀಬಿ ಮುಂತಾದವರ ವಾದ. ಅಲೆಗಳ ಓದೂ ಕಲ್ಲಿನ ಓದೂ ಇಷ್ಟು ಚೆನ್ನಾಗಿ ಕೂಡಿಬಂದ ಉದಾಹರಣೆ ಈ ವಿಷಯದಲ್ಲಿ ಇನ್ನೊಂದಿಲ್ಲ ಎನ್ನಬಹುದು.

ಉರಲ್ ಪರ್ವತಗಳದ್ದು ಇದಕ್ಕೆ ತದ್ವಿರುದ್ಧ ಕಥೆ. ಅತಿ ಎತ್ತರದ ಶಿಖರವೂ 1,900 ಮೀಟರ್ ಮುಟ್ಟದ, ಸವೆದು ಹೋದ ಸಾಲು ಅದು. 1995ರ ಯುಆರ್‌ಸೀಸ್ ಪ್ರಯೋಗದಲ್ಲಿ ಅದರ ಕೆಳಗೆ 50 ಕಿಲೋಮೀಟರಿಗೂ ಆಳದ ಬೇರು ಹಾಗೇ ಉಳಿದಿರುವುದು ಕಂಡಿತು. ಆಂಡಿಸ್ ಹೆಚ್ಚುಕಡಿಮೆ ಏರಿಯವರ ಮಾತು ಕೇಳುತ್ತದೆ, ಬೊಲಿವಿಯದ ಎತ್ತರದ ಸಾಲುಗಳ ಕೆಳಗೆ ಕವಚ 70 ಕಿಲೋಮೀಟರಿನವರೆಗೂ ಇದೆ.

ಬೇರು ಇದ್ದರೂ ಬೆಟ್ಟ ಇರಬೇಕಿಲ್ಲ ಎಂಬುದಕ್ಕೆ ಉದಾಹರಣೆ ಹುಡುಕಿ ಉರಲ್‌ವರೆಗೆ ಹೋಗಬೇಕಾಗಿಯೂ ಇಲ್ಲ, ಕರ್ನಾಟಕದಲ್ಲೇ ಇದೆ. ಭಾರತದ ಮೊದಲ ಆಳ ಭೂಕಂಪನ ಸಮೀಕ್ಷೆ ನಡೆದದ್ದು 1970ರ ದಶಕದ ಮೊದಲ ಅರ್ಧದಲ್ಲಿ, ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸೋವಿಯತ್ ನೆರವಿನಿಂದ. ಕರಾವಳಿಯಿಂದ ಕರಾವಳಿಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಸಿಡಿಮದ್ದು ಸಿಡಿಸಿ, ಮೊಹೊ 34ರಿಂದ 41 ಕಿಲೋಮೀಟರ್ ಆಳದಲ್ಲಿದೆ ಎಂದು ಕಂಡುಕೊಂಡರು. 2003ರಲ್ಲಿ ಎನ್‌ಜಿಆರ್‌ಐ ತಂಡ ರಿಸೀವರ್ ಫಂಕ್ಷನ್ ವಿಧಾನದಿಂದ ದಕ್ಷಿಣ ಭಾರತವನ್ನು ನೋಡಿದಾಗ, ಪೂರ್ವ ಧಾರವಾಡ ಶಿಲಾಪ್ರದೇಶದ ಕೆಳಗೆ 34ರಿಂದ 39 ಕಿಲೋಮೀಟರ್, ಪಶ್ಚಿಮ ಧಾರವಾಡದ ಕೆಳಗೆ 42ರಿಂದ 51 ಕಿಲೋಮೀಟರ್ ದಪ್ಪ ಕಂಡಿತು. ಎರಡರ ಗಡಿ ಚಿತ್ರದುರ್ಗದ ಶಿಲಾಪಟ್ಟಿಯ ಆಸುಪಾಸು. 51 ಕಿಲೋಮೀಟರ್ ಎಂದರೆ ಆಲ್ಪ್ಸ್‌ನ ಬೇರಿಗೆ ಸಾಟಿ. ಮೇಲೆ ಮಾತ್ರ ಸಾವಿರ ಮೀಟರೂ ಮುಟ್ಟದ ಮೈದಾನ, ರಾಗಿ, ತೆಂಗು, ಕೆರೆಗಳು. ಮುಳ್ಳಯ್ಯನಗಿರಿಯೂ 1,930 ಮೀಟರ್ ಅಷ್ಟೇ.

ಬರೀ ದಪ್ಪದ ಲೆಕ್ಕದಲ್ಲಿ ಈ ನೆಲ ಇನ್ನೂ ಮೇಲೇಳಬೇಕಿತ್ತು. ಏಳದೆ ಕೂತಿರುವುದಕ್ಕೆ ಒಪ್ಪುವ ಕಾರಣ, ಅದರ ಕೆಳಕವಚ ಭಾರದ ಶಿಲೆಯದು ಎಂಬುದು. ಅಲ್ಲಿ ಅಲೆಗಳ ವೇಗ ಹೆಚ್ಚಿರುವುದೂ ಅದನ್ನೇ ಹೇಳುತ್ತದೆ. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಶಿಲೆ ಇರುವ ನಾಡಿನಲ್ಲಿ ಇಂಥ ದಪ್ಪ ಇಂದಿಗೂ ಉಳಿದಿದೆ. ಬಿಸಿಯಾಗಿದ್ದ ಆ ಕಾಲದ ಭೂಮಿಯಲ್ಲಿ ದಪ್ಪ ಕವಚ ಕೆಳಗಿನಿಂದ ಕರಗಿ ಹರಡಿಹೋಗಬೇಕಿತ್ತು ಎಂಬ ವಾದಕ್ಕೆ ಇದು ನೇರ ಸವಾಲು.

ಹಾಗಾದರೆ ಮೊಹೊ ಎಂದರೆ ಕವಚದ ತಳ ಎಂಬ ವ್ಯಾಖ್ಯೆಯೇ ಸಾಕೇ? ದಕ್ಷಿಣ ಟಿಬೆಟ್‌ನ ಕೆಳಗೆ ತೂರಿದ ಭಾರತದ ಕೆಳಕವಚ ಅಗಾಧ ಒತ್ತಡಕ್ಕೆ ಸಿಕ್ಕಿ ಎಕ್ಲೊಗೈಟ್ ಎಂಬ ಭಾರದ ಶಿಲೆಯಾಗುತ್ತಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಎಕ್ಲೊಗೈಟಿನಲ್ಲಿ ಅಲೆಗಳ ವೇಗ ಮ್ಯಾಂಟಲ್‌ನ ವೇಗದ ಹತ್ತಿರಕ್ಕೆ ಬರುತ್ತದೆ. ಹುಟ್ಟಿನಿಂದ ಅದು ಕವಚ, ಅಲೆಗಳ ಕಣ್ಣಿಗೆ ಮಾತ್ರ ಮ್ಯಾಂಟಲ್. ಇಂಥ ಕಡೆ ಅಲೆಗಳು ತೋರಿಸುವ ಗಡಿ ಒಂದು, ಶಿಲೆಯ ಮೂಲ ಹೇಳುವ ಗಡಿ ಇನ್ನೊಂದು. ಸಿಯೆರಾದಲ್ಲಿ ಕಳಚಿಬಿದ್ದದ್ದೂ ಇದೇ ಜಾತಿಯ ಭಾರದ ಶಿಲೆ. ಆದ್ದರಿಂದ ಪರ್ವತದ ಕೆಳಗೆ ಎಷ್ಟು ದಪ್ಪ ಎಂಬ ಪ್ರಶ್ನೆಯ ಜೊತೆಗೇ, ಆ ತಳದಲ್ಲಿ ಯಾವ ಶಿಲೆ, ಅದು ಎಷ್ಟು ಬಿಸಿ ಎಂಬ ಪ್ರಶ್ನೆಗಳನ್ನೂ ಕೇಳಲೇಬೇಕು. ರಿಸೀವರ್ ಫಂಕ್ಷನ್ನಿಗೆ ಮೇಲ್ಮೈ ಅಲೆಗಳನ್ನು ಜೋಡಿಸಿ, ಗುರುತ್ವದ ಅಳತೆಯಿಂದ ಪರೀಕ್ಷಿಸಿ ನೋಡುವ ಅಧ್ಯಯನಗಳೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಕಡಲ ತೆರೆಗಳು ಸದಾ ಎಬ್ಬಿಸುವ ಸಣ್ಣ ಕಂಪನವನ್ನೇ ಬಳಸಿ, ಭೂಕಂಪಕ್ಕೆ ಕಾಯದೆ ಎರಡು ಕೇಂದ್ರಗಳ ನಡುವಿನ ಅಲೆಯ ವೇಗ ತೆಗೆಯುವ ವಿಧಾನವೂ 2005ರಿಂದೀಚೆಗೆ ಬೆಳೆದಿರುವುದರಿಂದ, ಭೂಕಂಪ ವಿರಳವಾದ ಕರ್ನಾಟಕದಂಥ ನಾಡಿಗೂ ಈಗ ಒಳ್ಳೆಯ ಚಿತ್ರ ಸಿಗುತ್ತಿದೆ.

ವಿಧಾನಗಳು ಮಾಗಿವೆ, ಕೊರತೆ ಇರುವುದು ಕೇಂದ್ರಗಳದ್ದು ಮತ್ತು ದಾಖಲೆ ಹಂಚಿಕೊಳ್ಳುವ ಮನಸ್ಸಿನದ್ದು. ಯುರೋಪಿನ ಹಲವು ದೇಶಗಳು ಕೂಡಿ ನಡೆಸಿದ ಆಲ್ಪ್‌ಅರೇ ಯೋಜನೆಯಲ್ಲಿ ಆಲ್ಪ್ಸ್ ಸುತ್ತ 600ಕ್ಕೂ ಹೆಚ್ಚು ಕೇಂದ್ರಗಳು ಒಂದೇ ಜಾಲವಾಗಿ ದುಡಿದವು. ಹಿಮಾಲಯ ಪಾಕಿಸ್ತಾನದಿಂದ ಅರುಣಾಚಲದವರೆಗೆ ಸುಮಾರು 2,400 ಕಿಲೋಮೀಟರ್ ಉದ್ದ, ಐದು ದೇಶಗಳಲ್ಲಿ ಹರಡಿದೆ. ಅಷ್ಟು ಉದ್ದಕ್ಕೂ ಒಂದೇ ಕಾಲಕ್ಕೆ ದುಡಿಯುವ ಅಂಥ ಜಾಲ ಇಲ್ಲಿಲ್ಲ, ಒಂದೊಂದು ಕಡೆ ಒಂದೊಂದು ಸಾಲು ಅಷ್ಟೇ. ಭಾರತದ ಕವಚ ಟಿಬೆಟ್‌ನ ಅಡಿಯಲ್ಲಿ ಎಷ್ಟು ಉತ್ತರದವರೆಗೆ ಹೋಗಿದೆ, ಪಶ್ಚಿಮದಲ್ಲಿ ಹೋದಷ್ಟು ದೂರ ಪೂರ್ವದಲ್ಲೂ ಹೋಗಿದೆಯೇ ಎಂಬ ಚರ್ಚೆ ಇನ್ನೂ ಮುಗಿಯದಿರುವುದಕ್ಕೆ ಇದೂ ಒಂದು ಕಾರಣ. ಗಡಿಯ ಎರಡೂ ಬದಿಯ ದಾಖಲೆಗಳನ್ನು ಒಂದೇ ಲೆಕ್ಕದಲ್ಲಿ, ಒಂದೇ ಅನುಪಾತದ ಮೇಲೆ ಓದಿದರೆ ಆ ಚರ್ಚೆ ಇತ್ಯರ್ಥದತ್ತ ಸಾಗಬಹುದು.